ಬ್ರೇಕಿನೊಳಗಿನ ಗಾಳಿ



ಈ ಸಲ ನಮ್ಮ ಕ್ಯಾರಲ್ಸ್ ತಂಡ ಉದಗೀರಕ್ಕೆ ಎರಡು ದಿನ ತಡವಾಗಿ ಯಾಕೆ ಬಂತು, ಹಾರ್ಮೋನಿಯಂ, ತಬಲಾ ಎಲ್ಲ ಬಸ್ಸಿನಲ್ಲಿ ಹೊತ್ತುಕೊಂಡು ಯಾಕೆ ಬಂದಿರಿ ಎಂದು ಬಹಳ ಮನೆಗಳಲ್ಲಿ ಕೇಳಿದಿರಿ. "ಗಾಡಿ ಕೆಟ್ಟಿತ್ರಿ" ಎಂದು ಹೇಳಿ ಚಹಾ ಕುಡಿದು ಎದ್ದು ಬಂದೆವು. ಗಾಡಿ ಕೆಟ್ಟದ್ದು ಖರೆ. ಆದರೆ ಅದನ್ನು ಕೆಡಿಸಿದವರು ನಾವೇ ಎಂಬುದನ್ನು ಹೇಳಲಿಲ್ಲ. ಅದನ್ನು ಇಲ್ಲಿ ಬರೆಯಬೇಕು ಎಂದು ಯುವಜನ ಸಂಘದ ಸಭೆಯಲ್ಲಿ ಎಲ್ಲರೂ ಕೂಡಿ ತೀರ್ಮಾನಿಸಿದ್ದೇವೆ. ಮರಾಠಿ ಶಾಲೆಯಲ್ಲಿ ಓದಿ ಕನ್ನಡ ಅಕ್ಷರ ಓದಲು ಬಾರದ ತಮ್ಮ ತಂಗಿಯರಿಗೆ ಮನೆಯ ಹಿರಿಯರು ದಯವಿಟ್ಟು ಓದಿ ಹೇಳಿರಿ.

ನಮ್ಮ ಧರ್ಮಕೇಂದ್ರದ ಪಿಕಪ್ ನಿಮಗೆಲ್ಲ ಗೊತ್ತು. ಬಿಳಿ ಬಣ್ಣ, ಹಿಂದಿನ ಬಾಗಿಲಿಗೆ ತಂತಿ ಕಟ್ಟಿದ್ದು. ಮಳೆಗಾಲದಲ್ಲಿ ಅಕ್ಕಿ ಚೀಲ, ಬೇಸಿಗೆಯಲ್ಲಿ ನೀರಿನ ಡ್ರಮ್ಮು, ಹಬ್ಬಕ್ಕೆ ಕುರ್ಚಿ, ಶಾಮಿಯಾನ, ಡಿಸೆಂಬರಿನಲ್ಲಿ ಗೋದಲಿಯ ಹುಲ್ಲು, ಬಿದಿರು. ಉಮರ್ಗಾ, ನಿಲಂಗಾ, ಉದಗೀರ ಎಂದರೆ ಒಂದೊಂದು ಕಡೆ ಹತ್ತಾರು ಮನೆ. 1956ರಲ್ಲಿ ಬೀದರ ಜಿಲ್ಲೆಯನ್ನು ಒಡೆದಾಗ ಬೀದರ ಮೈಸೂರು ರಾಜ್ಯಕ್ಕೆ ಹೋಯಿತು, ಅದೇ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಬಂದವು. ಗಡಿ ಸರಿದರೂ ಮನೆಮಾತು ಸರಿಯಲಿಲ್ಲ. ಹಾಗಾಗಿ ಈ ಚದುರಿದ ಮನೆಗಳನ್ನು ವರ್ಷಕ್ಕೊಮ್ಮೆಯಾದರೂ ಒಂದೇ ಹಾಡಿನಲ್ಲಿ ಕೂಡಿಸುವುದು ಕ್ಯಾರಲ್ಸ್, ಆ ಹಾಡನ್ನು ಹೊತ್ತು ತರುವುದು ಈ ಪಿಕಪ್.

ಆಗಮನ ಕಾಲದ ಎರಡನೆಯ ವಾರ. ನಿಲಂಗಾದ ಮನೆಗಳನ್ನು ಮುಗಿಸಿ ಸಂಜೆ ಉಮರ್ಗಾಕ್ಕೆ ಹೊರಟಿದ್ದೆವು. ಮುಂದೆ ಕ್ಯಾಬಿನ್ನಿನಲ್ಲಿ ಮೂವರು. ಹಿಂದೆ ಸಾಮಾನಿನ ಜೊತೆ ಆರು ಮಂದಿ, ಅವರಲ್ಲಿ ಇಬ್ಬರು ಐದನೆಯ ತರಗತಿಯ ಹುಡುಗರು. ಸಾಮಾನಿನ ಗಾಡಿಯಲ್ಲಿ ಹಿಂದೆ ಜನರನ್ನು ಕೂರಿಸಬಾರದು ಎಂಬ ಕಾನೂನು ನಮಗೆ ಗೊತ್ತಿರಲಿಲ್ಲವೆಂದಲ್ಲ. ಎಲ್ಲರೂ ಕೂರಿಸುತ್ತಾರೆ ಎಂದು ನಾವೂ ಕೂರಿಸಿದ್ದೆವು.

ಕಾಸಾರ ಸಿರಸಿ ದಾಟಿದ ಮೇಲೆ ಕತ್ತಲಾಯಿತು. ಕಬ್ಬಿನ ಹಂಗಾಮು ಎಂದರೆ ನಮ್ಮ ಕಡೆಯ ರಸ್ತೆಯ ಸ್ಥಿತಿ ನಿಮಗೆ ಗೊತ್ತೇ ಇದೆ. ಒಂದು ಟ್ರ್ಯಾಕ್ಟರ್, ಅದರ ಹಿಂದೆ ಎರಡು ಟ್ರಾಲಿ, ಟ್ರಾಲಿಯ ಹಿಂದೆ ದೀಪವೂ ಇಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಇಳಿಜಾರಿನಲ್ಲಿ ಅಂಥದೊಂದು ಮುಂದೆ ಕಂಡಿತು. ನಮ್ಮ ಅಣ್ಣ ಬ್ರೇಕ್ ಒತ್ತಿದ. ಗಾಡಿ ಸ್ವಲ್ಪ ಹಿಡಿಯಿತು. ಆಮೇಲೆ ಒತ್ತಿದ ಕಾಲಿನ ಕೆಳಗೆ ಪೆಡಲ್ ನಿಧಾನವಾಗಿ, ಕೆಸರಿನಲ್ಲಿ ಕಾಲು ಇಳಿದಂತೆ, ನೆಲಕ್ಕೆ ಇಳಿಯಿತು. ಅವನು ಕಾಲು ತೆಗೆದು ಮತ್ತೆ ಎರಡು ಸಲ ಒತ್ತಿದ, ಗೇರ್ ಇಳಿಸಿದ, ಹ್ಯಾಂಡ್ ಬ್ರೇಕ್ ಎಳೆದ. ಪಿಕಪ್ ನಿಂತಾಗ ಕಬ್ಬಿನ ತುದಿಗಳು ಮುಂದಿನ ಗಾಜಿಗೆ ತಾಗುತ್ತಿದ್ದವು.

ಹಿಂದೆ ಕೂತಿದ್ದ ಹುಡುಗರಿಗೆ ಏನೂ ತಿಳಿಯಲಿಲ್ಲ. ಅವರು ಹಾಡುತ್ತಲೇ ಇದ್ದರು. ಮುಂದೆ ಕೂತ ಮೂವರಿಗೆ ಮಾತ್ರ ಬಾಯಿ ಒಣಗಿತ್ತು. ಆ ಮೂವರಲ್ಲಿ ಒಬ್ಬರಿಗೆ ಇನ್ನೊಂದು ವಿಷಯವೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಪಿಕಪ್ಪನ್ನು ಎಳೆಸಿಕೊಂಡು ಉಮರ್ಗಾದ ಹೈವೇ ಬದಿಯ ಗ್ಯಾರೇಜಿಗೆ ತಂದೆವು. ಪುಣೆಯಿಂದ ಸೋಲಾಪುರ, ಉಮರ್ಗಾ ಹಾದು ಹೈದರಾಬಾದಿಗೆ ಹೋಗುವ ಹೆದ್ದಾರಿ ಅದು. ಅಲ್ಲಿನ ಮಿಸ್ತ್ರಿಯನ್ನು ನಾವು ಚಾಚಾ ಎಂದೇ ಕರೆಯುವುದು. ಅವರ ತಾಯಿಯ ತವರು ಬಸವಕಲ್ಯಾಣದ ಕಡೆ, ಹಾಗಾಗಿ ನಮ್ಮ ಸಂಗಡ ಕನ್ನಡದಲ್ಲೇ ಮಾತು.

ಚಾಚಾ ಪೆಡಲ್ ಒತ್ತಿ ಹಿಡಿದು ಕಣ್ಣು ಮುಚ್ಚಿ ಕೂತರು. ಪೆಡಲ್ ಮೆಲ್ಲಗೆ ಇಳಿಯಿತು. ಕೆಳಗೆ ಬಗ್ಗಿ ನಾಲ್ಕೂ ಗಾಲಿ ನೋಡಿದರು, ಎಲ್ಲಿಯೂ ಆಯಿಲ್ ಸೋರಿರಲಿಲ್ಲ. "ಹೊರಗ ಸೋರಿಲ್ಲ, ಒಳಗೇ ಹಾಯ್ತಾ ಅದ. ಮಾಸ್ಟರ್ ಸಿಲಿಂಡರ್ ಹೋಗ್ಯಾದ" ಎಂದರು. ಆಮೇಲೆ ಕೇಳಿದರು: "ಆಯಿಲ್ ಯಾವುದು ಹಾಕೀರಿ?"

"ಅಂಗಡೀದೇ ಚಾಚಾ, ಬ್ರೇಕ್ ಆಯಿಲ್" ಎಂದೆವು.

ಚಾಚಾ ತಲೆಯಾಡಿಸಿ ತಮ್ಮ ಹುಡುಗನಿಗೆ ಹೇಳಿದರು: "ಚರ್ಚಿನ ಹುಡುಗರು. ಸುಳ್ಳು ಹೇಳೂದಿಲ್ಲ. ಸಿಲಿಂಡರ್ ಒಂದೇ ಬದಲಿ ಮಾಡಿದ್ರ ಆಯ್ತು, ಸಂಜಿಗೆ ಗಾಡಿ ಕೊಡೂಣು."

ನಿಜವಾಗಿ ನಡೆದದ್ದು ಹೀಗಿತ್ತು. ನವೆಂಬರ್ ಮೊದಲ ವಾರ, ಮೃತರ ಸ್ಮರಣೆಯ ದಿನ ಸ್ಮಶಾನಕ್ಕೆ ಹೂ, ಮೇಣದ ಬತ್ತಿ ಒಯ್ಯುವಾಗ ಡ್ಯಾಶ್‌ಬೋರ್ಡಿನಲ್ಲಿ ಬ್ರೇಕಿನ ಕೆಂಪು ದೀಪ ಹತ್ತಿತು. ಬಾನೆಟ್ ತೆಗೆದು ನೋಡಿದರೆ ಆಯಿಲ್ ಡಬ್ಬಿಯಲ್ಲಿ ಮಟ್ಟ ಕೆಳಗಿನ ಗೆರೆಗಿಂತ ಇಳಿದಿತ್ತು. ಅಂಗಡಿ ದೂರ, ಪೂಜೆಗೆ ಹೊತ್ತಾಗಿತ್ತು. ಶೆಡ್ಡಿನಲ್ಲಿ ಟ್ರ್ಯಾಕ್ಟರಿನ ಹೈಡ್ರಾಲಿಕ್ ಆಯಿಲ್ ಕ್ಯಾನ್ ಇತ್ತು. ಬ್ರೇಕೂ ಹೈಡ್ರಾಲಿಕ್, ಆಯಿಲ್ಲೂ ಹೈಡ್ರಾಲಿಕ್, ಎರಡೂ ಒಂದೇ ಎಂದು ಬಿ.ಎಸ್ಸಿ. ಓದಿದ ತಲೆಯೊಂದು ತರ್ಕ ಮಾಡಿತು. ಮೇಲಿನ ಗೆರೆಯವರೆಗೆ ಸುರಿದೆವು. ದೀಪ ಆರಿತು. ಒಂದು ವಾರ ಬಿಟ್ಟು ಗಾಡಿ ಯಾಕೋ ಜಗ್ಗುತ್ತದೆ, ಗಾಲಿ ಬಿಸಿಯಾಗುತ್ತವೆ ಎಂದು ಅಣ್ಣ ಹೇಳಿದಾಗ ನಾವು ಸುಮ್ಮನಿದ್ದೆವು.

ಮಾಸ್ಟರ್ ಸಿಲಿಂಡರ್ ಎಂದರೆ ಏನು ಎಂದು ತಿಳಿಯದವರಿಗೆ ನಾಲ್ಕು ಮಾತು. ಬ್ರೇಕ್ ಪೆಡಲ್ ಒತ್ತಿದಾಗ ಬೂಸ್ಟರಿನ ಮೂಲಕ ಒಂದು ಕಡ್ಡಿ ಈ ಸಿಲಿಂಡರಿನೊಳಗಿನ ಪಿಸ್ಟನ್ನನ್ನು ದೂಡುತ್ತದೆ. ಒಳಗೆ ಒಂದರ ಹಿಂದೆ ಒಂದು ಎರಡು ಪಿಸ್ಟನ್, ಎರಡು ಸ್ಪ್ರಿಂಗ್, ಅವಕ್ಕೆ ರಬ್ಬರಿನ ಕಪ್ಪುಗಳು. ಎರಡು ಪ್ರತ್ಯೇಕ ಕೋಣೆ. ಒಂದು ಕಡೆಯ ಪೈಪು ಒಡೆದರೂ ಇನ್ನೊಂದು ಕಡೆಯ ಬ್ರೇಕ್ ಉಳಿಯಲಿ ಎಂದು ಹಾಗೆ ಮಾಡಿರುತ್ತಾರೆ. ಪಿಸ್ಟನ್ ಒತ್ತಿದ ಆಯಿಲ್ ಸಣ್ಣ ಪೈಪುಗಳಲ್ಲಿ ಹೋಗಿ ನಾಲ್ಕು ಗಾಲಿಗಳ ಬ್ರೇಕನ್ನು ಒತ್ತುತ್ತದೆ. ಮುಚ್ಚಿದ ದ್ರವದ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ ಪಾಸ್ಕಲ್ ನಿಯಮ ಇದೇ. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ತೆಗೆದುಕೊಂಡಿದ್ದೇವೆ. ಗಾಡಿಯಲ್ಲಿ ನೋಡಿದ್ದು ಮೊದಲ ಸಲ.

ಮಧ್ಯಾಹ್ನದ ಹೊತ್ತಿಗೆ ಸೋಲಾಪುರದಿಂದ ಬಸ್ಸಿನಲ್ಲಿ ಹೊಸ ಸಿಲಿಂಡರ್ ಬಂತು, ಮೇಲೆ ಹೊಸ ಆಯಿಲ್ ಡಬ್ಬಿಯ ಸಮೇತ. ಚಾಚಾ ಹಳೆಯದನ್ನು ಬಿಚ್ಚಿ ಮೂಲೆಗಿಟ್ಟರು. ಎರಡನ್ನೂ ಪಕ್ಕದಲ್ಲಿಟ್ಟು ಪೈಪಿನ ತೂತು ಎಷ್ಟು, ಚೂಡಿ ಒಂದೇ ಅಳತೆಯದೋ, ಒಳಗಿನ ವ್ಯಾಸ ಅದೇನೋ, ಕಡ್ಡಿ ಕೂರುವ ಕುಳಿಯ ಆಳ ಸಮವೋ ಎಂದು ನೋಡಿದರು. "ಪೆಟ್ಟಿಗಿ ಮ್ಯಾಲಿನ ನಂಬರ್ ನಂಬಬ್ಯಾಡ, ಸಾಮಾನು ನೋಡು" ಎಂದರು.

ಹೊಸದನ್ನು ತಂದವರೇ ಗಾಡಿಗೆ ಬಿಗಿಯುತ್ತಾರೆ ಎಂದುಕೊಂಡಿದ್ದೆವು. ಹಾಗಲ್ಲ. ಹೊಸ ಸಿಲಿಂಡರ್ ಒಣಗಿರುತ್ತದೆ, ಅದರ ಹೊಟ್ಟೆಯ ತುಂಬ ಗಾಳಿ. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಕಾಲಿನ ಬಲವನ್ನು ಗಾಲಿಗೆ ಮುಟ್ಟಿಸುತ್ತದೆ. ಗಾಳಿಯನ್ನು ಒತ್ತಿದರೆ ಅದೇ ಕುಗ್ಗಿ ಕೂರುತ್ತದೆ, ಬಲ ಅಲ್ಲೇ ಸಾಯುತ್ತದೆ. ಗಾಡಿಗೆ ಹಾಕಿದ ಮೇಲೆ ಸಿಲಿಂಡರ್ ಸ್ವಲ್ಪ ಓರೆಯಾಗಿ ಕೂತರೆ ಗಾಳಿ ಎತ್ತರದ ಮೂಲೆ ಹಿಡಿದು ಅಲ್ಲೇ ಉಳಿಯುತ್ತದೆ. ಅದನ್ನು ಹಿಂದಿನ ಗಾಲಿಯವರೆಗೆ ಉದ್ದ ಪೈಪಿನಲ್ಲಿ ದೂಡಿ ತೆಗೆಯುವುದು ದಿನದ ಕೆಲಸ. ಅದಕ್ಕೇ ಮೊದಲು ಬೆಂಚಿನ ಮೇಲೆಯೇ ಗಾಳಿ ತೆಗೆಯಬೇಕು.

ಚಾಚಾ ಅದರ ಕಿವಿಯಂಥ ಚಾಚುಪಟ್ಟಿಯನ್ನು ಮಾತ್ರ ವೈಸಿನಲ್ಲಿ ಹಿಡಿದರು. ಹೊಟ್ಟೆಯನ್ನು ಹಿಡಿದು ಬಿಗಿದರೆ ಒಳಗಿನ ಗೋಡೆ ನೆಗ್ಗಿ ಪಿಸ್ಟನ್ ಸಿಕ್ಕಿಹಾಕಿಕೊಳ್ಳುತ್ತದೆ. ಎರಡು ಹಳೆಯ ಬ್ರೇಕ್ ಪೈಪುಗಳನ್ನು ನಟ್ಟಿನ ಸಮೇತ ಕತ್ತರಿಸಿ, ಕೊಕ್ಕೆಯಂತೆ ಬಗ್ಗಿಸಿ, ಹೊಸ ಆಯಿಲಿನಿಂದ ತೊಳೆದು, ಸಿಲಿಂಡರಿನ ತೂತುಗಳಿಗೆ ಜೋಡಿಸಿದರು. ಪೈಪಿನ ಇನ್ನೊಂದು ತುದಿ ಮೇಲಿನ ಆಯಿಲ್ ಡಬ್ಬಿಯೊಳಗೆ. ಸೀಲ್ ಒಡೆಯದ ಹೊಸ ಬಾಟಲಿ ತೆಗೆದು ಪೈಪಿನ ತುದಿ ಮುಳುಗುವಷ್ಟು ಆಯಿಲ್ ತುಂಬಿದರು. ತುದಿ ಮುಳುಗಿರಬೇಕು, ಇಲ್ಲವಾದರೆ ಪಿಸ್ಟನ್ ಹಿಂದೆ ಸರಿಯುವಾಗ ಮತ್ತೆ ಗಾಳಿ ಎಳೆದುಕೊಳ್ಳುತ್ತದೆ.

ಆಮೇಲೆ ಮೊಂಡು ತುದಿಯ ಕಬ್ಬಿಣದ ಕಡ್ಡಿಯನ್ನು ನಮ್ಮ ಕೈಗೆ ಕೊಟ್ಟರು. "ಒತ್ತು. ಸಾವಕಾಶ. ಬಿಡುವಾಗೂ ಸಾವಕಾಶ."

ಒತ್ತಿದೆವು. ಪೈಪಿನ ತುದಿಯಿಂದ ಬುಳಬುಳ ಗುಳ್ಳೆ ಎದ್ದವು. ಬಿಟ್ಟೆವು. ಸ್ವಲ್ಪ ತಡೆದು ಮತ್ತೆ ಒತ್ತಿದೆವು. ಅವಸರ ಮಾಡಿದರೆ ಆಯಿಲ್ ಕಡೆದ ಮಜ್ಜಿಗೆಯಂತಾಗಿ ಗಾಳಿ ಸಣ್ಣ ಸಣ್ಣ ಗುಳ್ಳೆಯಾಗಿ ಅದರಲ್ಲೇ ಸೇರಿಬಿಡುತ್ತದೆ, ಆಮೇಲೆ ಗಂಟೆಗಟ್ಟಲೆ ಕಾಯಬೇಕು. ಹತ್ತು ಸಲ, ಇಪ್ಪತ್ತು ಸಲ. ಗುಳ್ಳೆ ಸಣ್ಣವಾದವು. ಇನ್ನು ಮುಗಿಯಿತು ಎಂದೆವು. ಚಾಚಾ ವೈಸನ್ನು ಸಡಿಲಿಸಿ ಸಿಲಿಂಡರಿನ ಮೂತಿಯನ್ನು ಸ್ವಲ್ಪ ಮೇಲೆತ್ತಿದರು, ಮತ್ತೆ ಕೆಳಗಿಳಿಸಿದರು. ಎಲ್ಲಿ ಅಡಗಿತ್ತೋ, ಒಂದು ದೊಡ್ಡ ಗುಳ್ಳೆ ಮೇಲೆ ಬಂತು. "ನೋಡು, ಮುಗೀತು ಅಂತೀದ್ದಿ" ಎಂದು ನಕ್ಕರು.

ಕೊನೆಗೆ ಕಡ್ಡಿ ಬೆರಳಿನ ಅಗಲವೂ ಒಳಗೆ ಹೋಗದಷ್ಟು ಗಟ್ಟಿಯಾಯಿತು. ಗೋಡೆಯನ್ನು ಒತ್ತಿದ ಹಾಗೆ. ಒಂದೂ ಗುಳ್ಳೆ ಇಲ್ಲ. ಚಾಚಾ ಪೈಪು ಬಿಚ್ಚಿ ತೂತುಗಳಿಗೆ ಮುಚ್ಚಳ ಹಾಕಿದರು. ಆ ಶುದ್ಧ, ಜೇನುಬಣ್ಣದ ಆಯಿಲ್ ತುಂಬಿದ ಸಿಲಿಂಡರನ್ನು ಮಗುವನ್ನು ಎತ್ತಿದ ಹಾಗೆ ಎತ್ತಿಕೊಂಡು ಗಾಡಿಯ ಕಡೆ ನಡೆದರು.

ಅದನ್ನು ಜೋಡಿಸಲಿದ್ದ ಪೈಪುಗಳ ತುಂಬ ನಾವು ಸುರಿದ ಆಯಿಲ್ ಇತ್ತು.

ಆಗ ತಡೆಯಲಾಗಲಿಲ್ಲ. "ಚಾಚಾ, ನಿಲ್ರಿ" ಎಂದೆವು. ಹೇಳಿದೆವು. ಟ್ರ್ಯಾಕ್ಟರಿನ ಆಯಿಲ್ ಹಾಕಿದ್ದು, ಆಗಲೇ ಸುಳ್ಳು ಹೇಳಿದ್ದು, ಎರಡೂ.

ಚಾಚಾ ಬಯ್ಯಲಿಲ್ಲ. ಸಿಲಿಂಡರನ್ನು ಒಂದು ಸ್ವಚ್ಛ ಬಟ್ಟೆಯ ಮೇಲಿಟ್ಟರು. ಮೂಲೆಯಲ್ಲಿದ್ದ ಹಳೆಯದರ ಮುಚ್ಚಳ ತಿರುಗಿಸಿದರು. ಒಳಗಿನ ರಬ್ಬರ್ ಉಬ್ಬಿ ಅಲೆಅಲೆಯಾಗಿ ಹೊರಗೆ ಬಂತು, ಮತ್ತೆ ಒಳಗೆ ಹೋಗಲೇ ಇಲ್ಲ. ಸಿಲಿಂಡರ್ ಬಿಚ್ಚಿ ಪಿಸ್ಟನ್ ಹೊರತೆಗೆದರು. ಕಪ್ಪುಗಳು ನೀರಿನಲ್ಲಿ ನೆನೆದ ತೊಗರಿಯಂತೆ ಉಬ್ಬಿ ಮೆತ್ತಗಾಗಿದ್ದವು. ಬೆರಳಿನಿಂದ ಒತ್ತಿದರೆ ಅಂಚು ಕಿತ್ತು ಬಂತು.

ಬ್ರೇಕ್ ಆಯಿಲ್ ಎಂದು ನಾವು ಕರೆಯುತ್ತೇವೆ, ಆದರೆ ಅದು ಎಣ್ಣೆಯೇ ಅಲ್ಲ. ಅದು ಗ್ಲೈಕಾಲ್ ಜಾತಿಯ ದ್ರವ. ಬ್ರೇಕಿನ ರಬ್ಬರುಗಳನ್ನು ಅದಕ್ಕೆ ಹೊಂದುವಂತೆ ಮಾಡಿರುತ್ತಾರೆ. ಇಂಜಿನ್ನಿನದೋ ಟ್ರ್ಯಾಕ್ಟರಿನದೋ ಖನಿಜ ಎಣ್ಣೆ ತಾಗಿದರೆ ಆ ರಬ್ಬರ್ ಹೀರಿಕೊಂಡು ಉಬ್ಬುತ್ತದೆ. ಮೊದಲು ಆಯಿಲ್ ಹಿಂದಿರುಗುವ ಸಣ್ಣ ತೂತು ಮುಚ್ಚಿಕೊಂಡು ಬ್ರೇಕ್ ಹಿಡಿದೇ ಉಳಿಯುತ್ತದೆ, ಗಾಡಿ ಜಗ್ಗುತ್ತದೆ, ಗಾಲಿ ಬಿಸಿಯಾಗುತ್ತವೆ. ಆಮೇಲೆ ಕಪ್ಪಿನ ಅಂಚು ಮೆತ್ತಗಾಗಿ ಒತ್ತಡ ತಡೆಯಲಾರದೆ ಪೆಡಲ್ ಇಳಿಯುತ್ತದೆ. ನವೆಂಬರಿನಲ್ಲಿ ಆಯಿಲ್ ಮಟ್ಟ ಇಳಿದದ್ದಕ್ಕೂ ಕಾರಣ ಬೇರೆಯೇ ಇತ್ತು: ಬ್ರೇಕ್ ಪ್ಯಾಡ್ ಸವೆದಿದ್ದವು. ಪ್ಯಾಡ್ ಸವೆದಂತೆ ಮಟ್ಟ ಇಳಿಯುತ್ತದೆ. ಪ್ಯಾಡ್ ನೋಡಿರಿ ಎಂದು ಆ ಕೆಂಪು ದೀಪ ಹೇಳಿತ್ತು. ನಾವು ದೀಪ ಆರಿಸಿ ಬಾನೆಟ್ ಮುಚ್ಚಿದ್ದೆವು.

"ಇದು ಹೇಳಲಿಲ್ಲ ಅಂದಿದ್ರ," ಚಾಚಾ ನಿಧಾನವಾಗಿ ಹೇಳಿದರು, "ಹೊಸಾದು ಒಂದು ತಿಂಗಳೂ ಬಾಳ್ತಿದ್ದಿಲ್ಲ. ಅಷ್ಟರಾಗ ಹಬ್ಬದ ರಾತ್ರಿ ಎಲ್ಲಿ ಇರ್ತಿದ್ರೋ ನೀವು, ಎಷ್ಟು ಹುಡುಗರು ಹಿಂದ ಇರ್ತಿದ್ರೋ."

ಕೆಲಸ ಮತ್ತೆರಡು ದಿನ ಹಿಡಿಯಿತು. ಹಿಂದಿನ ಗಾಲಿಗಳ ಸಿಲಿಂಡರಿನ ರಬ್ಬರ್ ಕಿಟ್, ಮುಂದಿನ ಕ್ಯಾಲಿಪರಿನ ಸೀಲು, ರಬ್ಬರಿನ ಹೋಸ್ ಪೈಪುಗಳು, ಪ್ಯಾಡುಗಳು, ಎಲ್ಲ ಬದಲಾದವು. ಕಬ್ಬಿಣದ ಪೈಪುಗಳನ್ನು ಹೊಸ ಆಯಿಲಿನಿಂದ ಮತ್ತೆ ಮತ್ತೆ ತೊಳೆದೆವು. ಆಮೇಲೆಯೇ ಹೊಸ ಮಾಸ್ಟರ್ ಸಿಲಿಂಡರ್ ಕೂತದ್ದು. ಪೈಪಿನ ನಟ್ಟುಗಳನ್ನು ಮೊದಲು ಬೆರಳಿನಿಂದಲೇ ತಿರುಗಿಸಿ ಚೂಡಿ ಸರಿ ಹಿಡಿಯಿತು ಎಂದು ಖಾತ್ರಿ ಮಾಡಿಕೊಂಡು ಪಾನಾ ಹಾಕಿದರು. ಚೆಲ್ಲಿದ ಆಯಿಲನ್ನು ಕೂಡಲೇ ನೀರಿನಿಂದ ತೊಳೆದೆವು, ಅದು ಬಣ್ಣವನ್ನು ತಿನ್ನುತ್ತದೆ. ಕಡೆಗೆ ನಾಲ್ಕು ಗಾಲಿಗಳ ನಿಪ್ಪಲ್ಲಿನಿಂದ ಗಾಳಿ ತೆಗೆಯುವ ಕೆಲಸ. ಮಾಸ್ಟರ್ ಸಿಲಿಂಡರಿಗೆ ಎಲ್ಲಕ್ಕಿಂತ ದೂರ ಇರುವ ಹಿಂದಿನ ಎಡಗಾಲಿಯಿಂದ ಶುರು. ಒಬ್ಬರು ಕ್ಯಾಬಿನ್ನಿನಲ್ಲಿ ಪೆಡಲ್ ಒತ್ತುವುದು, ಒಬ್ಬರು ಕೆಳಗೆ ಮಲಗಿ ನಿಪ್ಪಲ್ ಸಡಿಲಿಸುವುದು. "ಹೊಡಿ, ಹೊಡಿ, ಹಿಡಿ! ಬಿಡಬ್ಯಾಡ!" ನಿಪ್ಪಲ್ ಮುಚ್ಚುವ ಮೊದಲೇ ಮೇಲಿನವನು ಕಾಲು ಬಿಟ್ಟರೆ ಅಷ್ಟೂ ಶ್ರಮ ವ್ಯರ್ಥ. ಕೆಳಗಿದ್ದವನಿಗೆ ಮೇಲಿನವನ ಮುಖ ಕಾಣುವುದಿಲ್ಲ. ದನಿಯನ್ನು ನಂಬಿಯೇ ಕೆಲಸ ಮಾಡಬೇಕು. ನಾವು ಕೊಟ್ಟ ಮಾತು ಎಷ್ಟು ನಂಬಿಕೆಯದು ಎಂದು ಆ ಎರಡು ದಿನ ನಾವೇ ನಮ್ಮನ್ನು ಕೇಳಿಕೊಂಡೆವು.

ಖರ್ಚು ಮೊದಲು ಹೇಳಿದ್ದಕ್ಕಿಂತ ಮೂರು ಪಟ್ಟಾಯಿತು. ಅದನ್ನು ಧರ್ಮಕೇಂದ್ರದ ಹಣದಿಂದ ತೆಗೆಯಲಿಲ್ಲ. ದೊಡ್ಡ ನಕ್ಷತ್ರಕ್ಕೂ ಹೊಸ ಸ್ಪೀಕರಿಗೂ ಸಂಘ ಕೂಡಿಸಿದ್ದ ಹಣ ಅದಕ್ಕೆ ಹೋಯಿತು. ಈ ಸಲ ನಕ್ಷತ್ರ ಸಣ್ಣದಾಗಿತ್ತು ಎಂದು ಕೇಳಿದವರಿಗೂ ಇದೇ ಉತ್ತರ.

ಫಾದರ್ ಹತ್ತಿರ ಹೋಗಿ ಎಲ್ಲ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. "ನನಗ ಹೇಳಿದಿರಿ, ಛಲೋ ಆಯ್ತು. ಆ ಎರಡು ಹುಡುಗರ ಮನಿಗೂ ಹೋಗಿ ಹೇಳ್ರಿ" ಎಂದರು. ಪಾಪನಿವೇದನೆಯ ಪೀಠದ ಮುಂದೆ ಮೊಣಕಾಲೂರುವುದಕ್ಕಿಂತ ಆ ಎರಡು ಹೊಸ್ತಿಲು ದಾಟುವುದು ನಮಗೆ ಕಷ್ಟವಾಯಿತು. ಒಂದು ಮನೆಯಲ್ಲಿ ಅಪ್ಪ ನಮ್ಮ ಹೆಗಲ ಮೇಲೆ ಕೈ ಇಟ್ಟರು. ಇನ್ನೊಂದು ಮನೆಯಲ್ಲಿ ಅವ್ವ ಚಹಾ ಕೊಟ್ಟು, ನಮ್ಮ ಮಾತೆಲ್ಲ ಕೇಳಿ, "ಇನ್ನ ಮ್ಯಾಲ ಹುಡುಗನ್ನ ಕಳಿಸ್ಬೇಕೋ ಬ್ಯಾಡೋ ವಿಚಾರ ಮಾಡ್ತೀನಿ" ಎಂದರು. ಅವರು ಹಾಗೆ ಹೇಳಿದ್ದು ನ್ಯಾಯ. ಉದಗೀರಕ್ಕೆ ಹೊರಟ ದಿನ ಬಸ್ ಸ್ಟ್ಯಾಂಡಿನಲ್ಲಿ ಅವರು ಮಗನ ಕೈ ಹಿಡಿದು ನಿಂತಿದ್ದರು. ತಾವೂ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಹುಡುಗ ಹಾಡಿದ, ಅವರು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ನಮ್ಮ ಸಂಗಡ ಮಾತು ಈಗಲೂ ಕಡಿಮೆಯೇ. ಆ ನಂಬಿಕೆ ಮರಳಿ ಬರಲು ಹೊತ್ತು ಹಿಡಿಯುತ್ತದೆ.

ಒಂದು ಮಾತು ಪಾಸ್ಕಲ್ ಬಗ್ಗೆ. ಪಾಠದ ಪುಸ್ತಕದಲ್ಲಿ ನಿಯಮ ಮಾತ್ರ ಇತ್ತು, ಮನುಷ್ಯ ಇರಲಿಲ್ಲ. ಬ್ಲೇಸ್ ಪಾಸ್ಕಲ್ 1623ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದವರು. 1654ರ ನವೆಂಬರ್ 23ರ ರಾತ್ರಿ ಅವರಿಗೆ ದೇವರ ಆಳವಾದ ಅನುಭವವಾಯಿತು. ಅದನ್ನು ಬರೆದು ತಮ್ಮ ಅಂಗಿಯ ಒಳಪದರದಲ್ಲಿ ಹೊಲಿದುಕೊಂಡಿದ್ದರು. 1662ರಲ್ಲಿ ಅವರು ತೀರಿಕೊಂಡ ಮೇಲೆಯೇ ಅದು ಇತರರ ಕಣ್ಣಿಗೆ ಬಿತ್ತು. ದ್ರವಗಳ ಸಮತೋಲನದ ಕುರಿತ ಅವರ ಗ್ರಂಥ ಅಚ್ಚಾದದ್ದೂ ಮರುವರ್ಷ, 1663ರಲ್ಲಿ. ಅವರು ಹುಟ್ಟಿ 400 ವರ್ಷ ತುಂಬಿದ 2023ರ ಜೂನ್ 19ರಂದು ಪೋಪ್ ಫ್ರಾನ್ಸಿಸ್ ಅವರ ಬಗ್ಗೆಯೇ ಒಂದು ಪತ್ರ ಹೊರಡಿಸಿದರು. ಅವರು ಎದೆಯ ಹತ್ತಿರ ಹೊಲಿದುಕೊಂಡದ್ದು ದೇವರ ಕೃಪೆಯ ನೆನಪನ್ನು. ನಾವು ಒಂದು ತಿಂಗಳು ಎದೆಯಲ್ಲಿ ಇಟ್ಟುಕೊಂಡದ್ದು ಒಂದು ಕ್ಯಾನ್ ಆಯಿಲಿನ ಗುಟ್ಟನ್ನು. ಗುಳ್ಳೆ ಸಣ್ಣದೇ ಇರಬಹುದು. ಆದರೆ ಒತ್ತಡ ಬಿದ್ದಾಗ ಮೊದಲು ಕುಸಿಯುವುದು ಅದೇ.

ಗಾಡಿ ಇರುವ ಮನೆಗಳಿಗೆ, ವಿಶೇಷವಾಗಿ ಹೊಲ, ಮಾರುಕಟ್ಟೆಗೆ ಪಿಕಪ್ ಓಡಿಸುವ ನಮ್ಮ ಅಣ್ಣಂದಿರಿಗೆ, ಚಾಚಾ ಹೇಳಿಕೊಟ್ಟ ಕೆಲವು ಮಾತು:

1. ವಾರಕ್ಕೊಮ್ಮೆ ಗಾಡಿ ನಿಂತಿರುವಾಗ ಇಂಜಿನ್ ಚಾಲೂ ಇಟ್ಟು ಪೆಡಲನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮೆಲ್ಲಗೆ ಇಳಿಯುತ್ತ ಹೋದರೆ ಗಾಡಿ ಹೊರಗೆ ತೆಗೆಯಬೇಡಿ.

2. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ. ಅದನ್ನೇ ಹಾಕಿರಿ, ಹೊಸ ಬಾಟಲಿಯಿಂದಲೇ ಹಾಕಿರಿ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿಯವರೆಗೆ ಕುದಿಯದು. ತೇವ ಹಿಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕಾದು ಆಯಿಲ್ ಕುದಿದರೆ ಒಳಗೆ ಹಬೆ, ಹಬೆ ಎಂದರೆ ಮತ್ತೆ ಗಾಳಿಯೇ.

3. ಮಟ್ಟ ಇಳಿದರೆ ಮೊದಲು ಪ್ಯಾಡ್ ನೋಡಿಸಿರಿ, ಸೋರಿಕೆ ನೋಡಿಸಿರಿ, ಆಮೇಲೆ ತುಂಬಿರಿ.

4. ತಪ್ಪಾಗಿ ಬೇರೆ ಎಣ್ಣೆ ಹಾಕಿದ್ದರೆ ಗಾಡಿ ಓಡಿಸಬೇಡಿ, ಮಿಸ್ತ್ರಿಗೆ ಮೊದಲೇ ಹೇಳಿಬಿಡಿ.

5. ಸಾಮಾನಿನ ಗಾಡಿಯ ಹಿಂದೆ ಜನರನ್ನು ಕೂರಿಸಬೇಡಿ. ನಮ್ಮ ಸಂಘ ಇನ್ನು ಮುಂದೆ ಕೂರಿಸುವುದಿಲ್ಲ. ಸಾಮಾನು ಪಿಕಪ್ಪಿನಲ್ಲಿ, ಮಕ್ಕಳು ಬಸ್ಸಿನಲ್ಲಿ.

ಈ ಬರಹದ ತುಂಬ 'ನಾವು' ಎಂದೇ ಬರೆದಿದ್ದೇವೆ. ಅದು ಒಬ್ಬರ ತಪ್ಪನ್ನು ಗುಂಪಿನಲ್ಲಿ ಅಡಗಿಸುವುದಕ್ಕಲ್ಲ. ಕ್ಯಾನ್ ಹಿಡಿದ ಕೈ ಒಂದೇ, ಅದು ಈ ಬರಹವನ್ನು ಬರೆಯುತ್ತಿರುವ ಕೈ. ಆದರೆ ನೋಡಿಯೂ ಸುಮ್ಮನಿದ್ದವರು, ಖರ್ಚಿಗೆ ಜೇಬು ತೆಗೆದವರು, ಕೆಳಗೆ ಮಲಗಿ ನಿಪ್ಪಲ್ ಹಿಡಿದವರು, ಆ ಎರಡು ಮನೆಗಳಿಗೆ ಜೊತೆಯಲ್ಲಿ ಬಂದವರು ಎಲ್ಲರೂ ಕೂಡಿ 'ನಾವು' ಎಂದೇ ಬರೆಯಲು ಹೇಳಿದರು.

ಪಿಕಪ್ ಈಗ ಚರ್ಚಿನ ಅಂಗಳದಲ್ಲಿ ನಿಂತಿದೆ. ಪೆಡಲ್ ಗಟ್ಟಿಯಾಗಿದೆ. ಬರುವ ಭಾನುವಾರ ಪೂಜೆಯ ನಂತರ ಯಾರಿಗಾದರೂ ತಮ್ಮ ಗಾಡಿಯ ಬ್ರೇಕ್ ಆಯಿಲ್ ನೋಡಿಸಬೇಕಿದ್ದರೆ ಅಂಗಳಕ್ಕೆ ತನ್ನಿರಿ. ಚಾಚಾ ತಾವಾಗಿಯೇ ಬರುತ್ತೇನೆ ಎಂದಿದ್ದಾರೆ. ಚಹಾ ನಮ್ಮದು.

ನಿಮ್ಮ ಪ್ರಾರ್ಥನೆಯಲ್ಲಿ ನಮ್ಮನ್ನು ನೆನೆಯಿರಿ.

ಪ್ರೀತಿಯಿಂದ,
ನಿಮ್ಮ ಯುವಜನ ಸಂಘ